ಪೊಟ್ಟಣದ ಮೇಲಿಲ್ಲದ ಕನ್ನಡ

ಆಹಾರದಲ್ಲಿ ಬೆರೆತ ಒಂದು ವಸ್ತು ಹಿತವೋ ಅಹಿತವೋ ಎಂಬುದನ್ನು ನಿರ್ಣಯಿಸುವಾಗ ವಿಜ್ಞಾನವು ಮೂರು ಪ್ರಶ್ನೆಗಳನ್ನು ಕೇಳುತ್ತದೆ: ಎಷ್ಟು ಪ್ರಮಾಣದಲ್ಲಿ, ಯಾರ ದೇಹಕ್ಕೆ, ಯಾವ ದಾರಿಯಿಂದ. ಇವುಗಳ ಜೊತೆಗೆ ನಾಲ್ಕನೆಯ ಪ್ರಶ್ನೆಯೊಂದಿದೆ. ಆ ವಸ್ತು ಅಲ್ಲಿದೆಯೆಂಬುದು ತಿನ್ನುವವರಿಗೆ ತಿಳಿದಿದೆಯೇ? ಮೊದಲ ಮೂರಕ್ಕೆ ಉತ್ತರ ಪ್ರಯೋಗಾಲಯದಿಂದ ಬರಬೇಕು. ನಾಲ್ಕನೆಯದಕ್ಕೆ ಭಾಷೆಯಿಂದಲೇ ಬರಬೇಕು. ಸಲ್ಫೈಟ್ ಎಂಬ ಸಂರಕ್ಷಕ ವರ್ಗದ ವಿಷಯದಲ್ಲಿ ಪ್ರಯೋಗಾಲಯವು ತನ್ನ ಪಾಲಿನ ಕೆಲಸವನ್ನು ಬಹುಮಟ್ಟಿಗೆ ಮಾಡಿದೆ. ಭಾಷೆಯ ಪಾಲಿನ ಕೆಲಸ, ಅದರಲ್ಲಿಯೂ ಗಡಿನಾಡಿನ ಕನ್ನಡಿಗರ ಪಾಲಿಗೆ, ಆರಂಭವೇ ಆಗಿಲ್ಲ. ಕನ್ನಡವನ್ನು ಐಚ್ಛಿಕವಾಗಿ ಓದುವವರು ಈ ರಾಸಾಯನಿಕದತ್ತ ಏಕೆ ನೋಡಬೇಕೆಂಬ ಪ್ರಶ್ನೆಗೆ ಇದೇ ಸಮಾಧಾನ.

ತಾಳವಾಡಿಯ ಗುಡ್ಡನಾಡು ಈ ಮಾತಿಗೆ ತಕ್ಕ ನಿದರ್ಶನವಾಗಿದೆ. ಸತ್ಯಮಂಗಲದಿಂದ ದಿಂಬಂ ಘಟ್ಟದ 27 ಕಡಿದಾದ ತಿರುವುಗಳನ್ನು ಹತ್ತಿ ಮುಂದೆ ಬಂದರೆ ಸಿಗುವ ಈ ಪ್ರದೇಶವು ಆಡಳಿತದಲ್ಲಿ ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿದೆ. ಮನೆಮಾತಿನಲ್ಲಿ ಬಹುಪಾಲು ಕನ್ನಡಕ್ಕೆ ಸೇರಿದೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಆಗಿನ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಬಂದಿತು, ತಾಳವಾಡಿ ಮದರಾಸು ರಾಜ್ಯದಲ್ಲಿಯೇ ಉಳಿಯಿತು. 1979ರಲ್ಲಿ ಈರೋಡು ಜಿಲ್ಲೆಯ ರಚನೆಯಾದಾಗ ಅದರೊಳಗೆ ಸೇರಿತು. ವರನಟ ರಾಜಕುಮಾರರ ಹುಟ್ಟೂರಾದ ಗಾಜನೂರು ಇರುವುದು ಇಲ್ಲಿಯೇ. ಇಲ್ಲಿ ಕನ್ನಡ ಶಾಲೆಗಳಿವೆ. ತಮಿಳಿನ ವ್ಯವಹಾರವೂ ಇದೆ. ಪೇಟೆಯ ಕೆಲಸಕ್ಕೆ, ಆಸ್ಪತ್ರೆಯ ಕೆಲಸಕ್ಕೆ ಒಂದು ಕಡೆ ಸತ್ಯಮಂಗಲ, ಇನ್ನೊಂದು ಕಡೆ ಚಾಮರಾಜನಗರ. ಹೀಗೆ ಎರಡು ಭಾಷೆಗಳ ನಡುವೆ ಸಲೀಸಾಗಿ ಓಡಾಡುವ ಜನರ ಕೈಗೆ ಅಂಗಡಿಯ ಪೊಟ್ಟಣ ಬಂದಾಗ, ಅದರ ಬೆನ್ನಿನ ಮೇಲಿನ ಸಣ್ಣ ಅಕ್ಷರಗಳು ಬಹುತೇಕ ಮೂರನೆಯದೊಂದು ಭಾಷೆಯಲ್ಲಿರುತ್ತವೆ. ಆ ಸಾಲಿನಲ್ಲಿ 220ರಿಂದ 228ರ ನಡುವಿನ ಒಂದು ಅಂಕಿ ಇದ್ದರೆ ಒಳಗೆ ಸಲ್ಫೈಟ್ ಇದೆಯೆಂದು ಅರ್ಥ. ಅಂಕಿಯನ್ನು ಓದಬಲ್ಲವರಿಗೂ ಅದರ ಅರ್ಥ ತಿಳಿದಿರುವುದಿಲ್ಲ.

ಸಲ್ಫೈಟ್ ಎಂಬುದು ಒಂದೇ ವಸ್ತುವಿನ ಹೆಸರಲ್ಲ, ಒಂದು ಕುಟುಂಬದ ಹೆಸರು. ಗಂಧಕವನ್ನು ಉರಿಸಿದಾಗ ಏಳುವ, ಮೂಗಿಗೆ ಘಾಟು ಹೊಡೆಯುವ ಅನಿಲವೇ ಸಲ್ಫರ್ ಡೈಆಕ್ಸೈಡ್. ಅದರ ಸಂಖ್ಯೆ 220. ಸೋಡಿಯಂ ಸಲ್ಫೈಟ್ 221, ಸೋಡಿಯಂ ಮೆಟಾಬೈಸಲ್ಫೈಟ್ 223, ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ 224. ಇವೆಲ್ಲವೂ ಆಹಾರದ ತೇವದಲ್ಲಿ ಕರಗಿ ಕೊನೆಗೆ ಮಾಡುವ ಕೆಲಸ ಒಂದೇ ಬಗೆಯದು. ಹೆಚ್ಚಿಟ್ಟ ಬದನೆಕಾಯಿ, ಬಾಳೆಕಾಯಿ, ಆಲೂಗಡ್ಡೆ ಗಾಳಿಗೆ ಕಪ್ಪಾಗುವುದನ್ನು ಎಲ್ಲ ಅಡುಗೆಮನೆಗಳೂ ಕಂಡಿವೆ. ಆ ಕಪ್ಪಿಗೆ ಕಾರಣವಾದ ಕಿಣ್ವವನ್ನು ಸಲ್ಫೈಟ್ ತಡೆಯುತ್ತದೆ. ಕಾಯಿಸಿದಾಗ, ಒಣಗಿಸಿದಾಗ, ಬಹುಕಾಲ ಇಟ್ಟಾಗ ಸಕ್ಕರೆಯ ಅಂಶ ಕಂದುಗಟ್ಟುವುದನ್ನೂ ತಡೆಯುತ್ತದೆ. ಆಮ್ಲಜನಕವನ್ನು ತಾನೇ ಹೀರಿಕೊಂಡು ಮಿಕ್ಕ ಪದಾರ್ಥವನ್ನು ಕಾಯುತ್ತದೆ. ಹುಳಿಯಿರುವ ದ್ರವದಲ್ಲಿ ಹುದುಗು ಬರಿಸುವ ಜೀವಾಣುಗಳನ್ನೂ ಹಲವು ಬ್ಯಾಕ್ಟೀರಿಯಾಗಳನ್ನೂ ಅಡಗಿಸುತ್ತದೆ. ಹುಳಿ ಹೆಚ್ಚಿದಷ್ಟೂ ಅದರ ಬಲ ಹೆಚ್ಚು; ಆದುದರಿಂದಲೇ ನಿಂಬೆಯ ಸ್ಕ್ವಾಷಿಗೆ ಅದು ಒದಗಿಬರುತ್ತದೆ, ಹಾಲಿಗೆ ಒದಗುವುದಿಲ್ಲ. ನಾಲ್ಕು ಕೆಲಸಗಳನ್ನು ಅಗ್ಗದ ಬೆಲೆಗೆ ಒಂದೇ ವಸ್ತು ಮಾಡುವುದರಿಂದ ಜಗತ್ತಿನ ಆಹಾರೋದ್ಯಮ ಅದನ್ನು ಕೈಬಿಡದೆ ಹಿಡಿದುಕೊಂಡಿದೆ.

ಗಂಧಕದ ಹೊಗೆಯ ನಂಟು ಹೊಸದೇನಲ್ಲ. ಹೋಮರನ ಒಡಿಸ್ಸಿಯಲ್ಲಿ ನಾಯಕನು ತನ್ನ ಅರಮನೆಯನ್ನು ಗಂಧಕದ ಹೊಗೆಯಿಂದ ಶುದ್ಧಿಮಾಡಿಸುವ ಪ್ರಸಂಗವಿದೆ. ಕೆಡದಂತೆ ಕಾಯುವ ಕಲೆಯಂತೂ ಪ್ರತಿ ಮನೆಯದು. ಉಪ್ಪಿನಲ್ಲಿಟ್ಟ ನೆಲ್ಲಿ, ಎಣ್ಣೆಯಲ್ಲಿ ಮುಳುಗಿಸಿದ ಉಪ್ಪಿನಕಾಯಿ, ಬಿಸಿಲಿಗೆ ಹರವಿದ ಸಂಡಿಗೆ, ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿದ ಮೆಣಸಿನಕಾಯಿ ಇವೆಲ್ಲ ಸಂರಕ್ಷಣೆಯ ವಿಧಾನಗಳೇ. ಭಾರತದ ಆಹಾರ ನಿಯಮಗಳು ಈ ಭೇದವನ್ನು ಗುರುತಿಸಿವೆ. ಉಪ್ಪು, ಸಕ್ಕರೆ, ಸಾಂಬಾರ ಪದಾರ್ಥ, ವಿನೆಗರ್, ಜೇನು, ಖಾದ್ಯತೈಲಗಳು ಒಂದನೆಯ ವರ್ಗದ ಸಂರಕ್ಷಕಗಳು. ಸಲ್ಫೈಟ್, ಬೆಂಜೊಯೇಟ್, ಸಾರ್ಬೇಟ್ ಮೊದಲಾದವು ಎರಡನೆಯ ವರ್ಗದವು. ಒಂದನೆಯ ವರ್ಗವು ನಾಲಗೆಗೆ ತನ್ನನ್ನು ತಾನೇ ತಿಳಿಸಿಕೊಳ್ಳುತ್ತದೆ. ಉಪ್ಪು ಹೆಚ್ಚಾದರೆ ಹೇಳಿಕೊಡುವವರು ಬೇಕಿಲ್ಲ. ಎರಡನೆಯ ವರ್ಗವು ಬಳಕೆಯ ಪ್ರಮಾಣದಲ್ಲಿ ಬಹುಮಟ್ಟಿಗೆ ಮೌನಿ. ಅದರ ಪರವಾಗಿ ಚೀಟಿಯೇ ಮಾತನಾಡಬೇಕು. ಚೀಟಿ ಮಾತನಾಡದಿದ್ದರೆ ಅಥವಾ ಆಡಿದ್ದು ತಿಳಿಯದಿದ್ದರೆ ಆ ಮೌನ ಹಾಗೆಯೇ ಉಳಿಯುತ್ತದೆ.

ತಾಳವಾಡಿಯ ಹೊಲದಿಂದಲೇ ಆರಂಭಿಸಬಹುದು. ಇಲ್ಲಿ ಮತ್ತು ಚಾಮರಾಜನಗರದ ಸೀಮೆಯಲ್ಲಿ ಬೆಳೆದ ಕಬ್ಬನ್ನು ಹೊತ್ತ ಲಾರಿಗಳು ಆಸನೂರಿನ ದಾರಿಯಾಗಿ ಸತ್ಯಮಂಗಲದ ಕಡೆಗೆ ಇಳಿಯುತ್ತವೆ. ಕಾರಪಳ್ಳಂ ತಪಾಸಣಾ ಠಾಣೆಯ ಬಳಿ ಆನೆಗಳು ಆ ಲಾರಿಗಳಿಗಾಗಿ ಕಾದು ನಿಂತು ಕಬ್ಬನ್ನು ಎಳೆದುಕೊಳ್ಳುವ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಆನೆಗೆ ಸಿಕ್ಕಿದ ಕಬ್ಬು ಕಬ್ಬಾಗಿಯೇ ಮುಗಿಯುತ್ತದೆ. ಕಾರ್ಖಾನೆ ಸೇರಿದ ಕಬ್ಬಿನ ಕಥೆ ಬೇರೆ. ಭಾರತದ ಹೆಚ್ಚಿನ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ಹಾಲಿಗೆ ಸುಣ್ಣ ಸೇರಿಸಿ, ಗಂಧಕ ಉರಿಸಿದ ಅನಿಲವನ್ನು ಹಾಯಿಸುತ್ತಾರೆ. ಕಾಯಿಸಿ ಗಟ್ಟಿಯಾದ ಪಾಕಕ್ಕೆ ಮತ್ತೊಮ್ಮೆ ಅದೇ ಅನಿಲವನ್ನು ಹಾಯಿಸುತ್ತಾರೆ. ಕೊಳೆ ಕೆಳಗಿಳಿದು ಬಣ್ಣ ತಿಳಿಯಾಗಿ ಬಿಳಿಯ ಹರಳು ಬರುತ್ತದೆ. ಆ ಹರಳಿನಲ್ಲಿ ಗಂಧಕದ ಅಂಶ ಅತ್ಯಲ್ಪವಾಗಿ ಉಳಿಯುತ್ತದೆ. ನಿಯಮವು ಅದಕ್ಕೆ ಕಿಲೋಗ್ರಾಮಿಗೆ 70 ಮಿಲಿಗ್ರಾಮಿನ ಮಿತಿ ಹಾಕಿದೆ. ಇದು ಬಚ್ಚಿಟ್ಟ ಸಂಗತಿಯೇನಲ್ಲ, ಪಠ್ಯಪುಸ್ತಕದಲ್ಲಿರುವ ವಿಧಾನ. ಆದರೆ ಅದರ ಕನ್ನಡ ವಿವರಣೆ ಕಬ್ಬು ಬೆಳೆಯುವವರ ಮನೆಗೇ ತಲುಪಿಲ್ಲ.

ಬೆಲ್ಲದ ವಿಷಯ ಇನ್ನೂ ಸೂಕ್ಷ್ಮವಾದುದು. ಹಳೆಯ ಆಲೆಮನೆಯಲ್ಲಿ ಕೊಪ್ಪರಿಗೆಯ ಹಾಲಿಗೆ ಸುಣ್ಣದ ತಿಳಿಯನ್ನೂ ಬೆಂಡೆ ಗಿಡದ ಲೋಳೆಯನ್ನೂ ಹಾಕುವುದಿತ್ತು. ಲೋಳೆಗೆ ಅಂಟಿಕೊಂಡು ಕಶ್ಮಲವು ನೊರೆಯಾಗಿ ಮೇಲೇಳುತ್ತಿತ್ತು, ಅದನ್ನು ತೆಗೆದು ಚೆಲ್ಲುತ್ತಿದ್ದರು. ಹಾಗೆ ತಯಾರಾದ ಬೆಲ್ಲ ಕಂದು, ಕೆಲವೊಮ್ಮೆ ಕಪ್ಪು. ಪೇಟೆಯ ಕಣ್ಣು ಹೊಂಬಣ್ಣವನ್ನು ಬಯಸತೊಡಗಿದ ಮೇಲೆ ಆಲೆಮನೆಗೆ ಬಂದುದು ಹೈಡ್ರೋಸ್. ಸೋಡಿಯಂ ಹೈಡ್ರೋಸಲ್ಫೈಟ್ ಎಂಬ ಈ ಪುಡಿಯು ಬಟ್ಟೆಗೆ ಬಣ್ಣ ಕಟ್ಟುವವರ ಸಾಮಗ್ರಿ. ಕುದಿಯುವ ಪಾಕದಲ್ಲಿ ಅದು ಒಡೆದು ಸಲ್ಫೈಟನ್ನೂ ಸಲ್ಫರ್ ಡೈಆಕ್ಸೈಡನ್ನೂ ಉಳಿಸುತ್ತದೆ. ಬೆಲ್ಲಕ್ಕೆ ಅದನ್ನು ಹಾಕಲು ಅನುಮತಿಯಿಲ್ಲ. ಬೆಲ್ಲದಲ್ಲಿಯೂ ಸಲ್ಫರ್ ಡೈಆಕ್ಸೈಡಿನ ಮಿತಿ ಕಿಲೋಗ್ರಾಮಿಗೆ 70 ಮಿಲಿಗ್ರಾಂ. ಕೈಯಳತೆಯಲ್ಲಿ ಸುರಿಯುವ ಪುಡಿಗೆ ಈ ಮಿತಿಯ ಅರಿವಿರುವುದಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ಕಟ್ಟಿದ ಭಾಷೆಯ ಜನರೇ ಬೆಳ್ಳಗಿರುವುದೆಲ್ಲ ಒಳ್ಳೆಯ ಬೆಲ್ಲವೆಂದು ಭಾವಿಸಿ ಹೆಚ್ಚು ಹಣ ಕೊಡುತ್ತಾರೆ. ಇಲ್ಲಿ ತಪ್ಪನ್ನು ಆಲೆಮನೆಯವನ ತಲೆಗೆ ಮಾತ್ರ ಕಟ್ಟುವುದು ನ್ಯಾಯವಲ್ಲ. ಕಂದು ಬೆಲ್ಲಕ್ಕೆ ಬೆಲೆ ಸಿಕ್ಕದ ದಿನ ಅವನು ಹೈಡ್ರೋಸ್ ಡಬ್ಬಿಯನ್ನು ತೆರೆಯುತ್ತಾನೆ. ಕೊಳ್ಳುವವರ ಅಜ್ಞಾನವೇ ಆ ಡಬ್ಬಿಯ ಮುಚ್ಚಳವನ್ನು ತೆರೆಸುತ್ತದೆ. ಬಿಡಿಯಾಗಿ ಮಾರುವ ಬೆಲ್ಲದ ಅಚ್ಚಿಗೆ ಚೀಟಿಯೂ ಇರುವುದಿಲ್ಲ.

ಕನ್ನಡನಾಡಿನ ಇನ್ನೊಂದು ಗಡಿಗೆ ಹೋದರೆ ಅನುಮತಿಯಿರುವ ಬಳಕೆಯ ಚಿತ್ರ ಕಾಣುತ್ತದೆ. ವಿಜಯಪುರ ಜಿಲ್ಲೆಯಲ್ಲಿ, ಗಡಿಯಾಚೆಯ ಸಾಂಗಲಿ, ತಾಸಗಾಂವ, ಸೊಲ್ಲಾಪುರಗಳಲ್ಲಿ ದ್ರಾಕ್ಷಿಯನ್ನು ಒಣದ್ರಾಕ್ಷಿಯಾಗಿಸುವ ದೊಡ್ಡ ಉದ್ಯಮವಿದೆ. ಗೊಂಚಲುಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಈಥೈಲ್ ಓಲಿಯೇಟ್ ಸೇರಿದ ನೀರಿನಲ್ಲಿ ಅದ್ದಿ, ನೆರಳಿನ ಬಲೆಗಳ ಮೇಲೆ ಎರಡು ವಾರಗಳಷ್ಟು ಕಾಲ ಒಣಗಿಸುತ್ತಾರೆ. ಹೊಂಬಣ್ಣ ಉಳಿಯಲೆಂದು ಗಂಧಕದ ಹೊಗೆ ಕೊಡುತ್ತಾರೆ. ಕನ್ನಡದ ಬೆಲ್ಲ ಮರಾಠಿಯಲ್ಲಿ ಗೂಳ್; ಹಳೇ ಮೈಸೂರಿನ ಆಲೆಮನೆ ಅಲ್ಲಿ ಗುರ‍್ಹಾಳ. ಪದಾರ್ಥದ ಹೆಸರು ಗಡಿಯಲ್ಲಿ ಬದಲಾಗುತ್ತದೆ, ಗಂಧಕ ಮಾತ್ರ ಎರಡೂ ಭಾಷೆಗಳಲ್ಲಿ ಗಂಧಕವೇ. ಇಷ್ಟು ಹಳೆಯದಾದ, ಇಷ್ಟು ಸಮಾನವಾದ ಪದವೊಂದು ಕೈಯಲ್ಲಿರುವಾಗ ಪೊಟ್ಟಣದ ಮೇಲೆ ‘ಗಂಧಕದ ಸಂರಕ್ಷಕವಿದೆ’ ಎಂದು ಬರೆಯಲು ಭಾಷೆಯ ಕಡೆಯಿಂದ ಯಾವ ಅಡ್ಡಿಯೂ ಇಲ್ಲ.

ಮನೆಯ ಕೈಗಾರಿಕೆಯಲ್ಲಿಯೂ ಇದೇ ಕುಟುಂಬದ ಸದಸ್ಯವೊಂದಿದೆ. ಸ್ಕ್ವಾಷ್ ತಯಾರಿಕೆಯ ತರಬೇತಿಗಳಲ್ಲಿ ಕೆಎಂಎಸ್ ಎಂದು ಕರೆಯಲಾಗುವ ಪುಡಿಯೇ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್. ಕಿಲೋಗ್ರಾಂ ಸ್ಕ್ವಾಷಿಗೆ ಸುಮಾರು 0.6 ಗ್ರಾಂ ಹಾಕಿದರೆ ಸುಮಾರು 350 ಮಿಲಿಗ್ರಾಂ ಸಲ್ಫರ್ ಡೈಆಕ್ಸೈಡ್ ಒದಗುತ್ತದೆ. ಸ್ಕ್ವಾಷಿಗೆ ಭಾರತದಲ್ಲಿ ಬಹುಕಾಲದಿಂದ ಹಾಕಿಕೊಂಡು ಬಂದ ಮಿತಿಯೂ ಅದೇ. ನಿಂಬೆ, ಕಿತ್ತಳೆ, ಮಾವಿಗೆ ಅದು ಹೊಂದುತ್ತದೆ. ನೇರಳೆ, ದಾಳಿಂಬೆಗಳ ಕೆಂಪು ಬಣ್ಣವನ್ನು ಅದು ತೊಳೆದುಬಿಡುವುದರಿಂದ ಅವಕ್ಕೆ ಸೋಡಿಯಂ ಬೆಂಜೊಯೇಟನ್ನು ಬಳಸುತ್ತಾರೆ. ಅಳೆದು ಹಾಕಿದಾಗ ಅದು ಒಂದು ಉಪಕರಣ. ಚಿಟಿಕೆಯ ಲೆಕ್ಕದಲ್ಲಿ ಹಾಕಿದಾಗ ಏನಾಯಿತೆಂದು ಹೇಳಬರುವುದಿಲ್ಲ.

ಇನ್ನು ಸುರಕ್ಷತೆಯ ಮಾತು. ‘ರಾಸಾಯನಿಕ’ ಎಂಬ ಪದ ಕಿವಿಗೆ ಬಿದ್ದೊಡನೆ ಹೆದರುವವರು ಮೊದಲು ಗಮನಿಸಬೇಕಾದ ಸಂಗತಿಯೆಂದರೆ, ಮನುಷ್ಯದೇಹವು ತಾನೇ ಸಲ್ಫೈಟನ್ನು ಉತ್ಪಾದಿಸುತ್ತದೆ. ಬೇಳೆಕಾಳು, ಮೊಟ್ಟೆ, ಮಾಂಸಗಳ ಪ್ರೋಟೀನಿನಲ್ಲಿರುವ ಗಂಧಕಯುಕ್ತ ಅಮೈನೋ ಆಮ್ಲಗಳು ಜೀರ್ಣವಾಗುವ ಹಾದಿಯಲ್ಲಿ ಸಲ್ಫೈಟ್ ಹುಟ್ಟುತ್ತದೆ. ಸಲ್ಫೈಟ್ ಆಕ್ಸಿಡೇಸ್ ಎಂಬ ಕಿಣ್ವವು ಅದನ್ನು ಸಲ್ಫೇಟಾಗಿಸಿ ಮೂತ್ರದಲ್ಲಿ ಹೊರಹಾಕುತ್ತದೆ. ಹೊರಗಿನಿಂದ ಬಂದ ಸಲ್ಫೈಟಿಗೂ ಇದೇ ಗತಿ. ಆದುದರಿಂದ ಬಹುಪಾಲು ಜನರಿಗೆ ಮಿತಿಯೊಳಗಿನ ಸಲ್ಫೈಟ್ ಯಾವ ತೊಂದರೆಯನ್ನೂ ಕೊಟ್ಟ ಅನುಭವವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ-ಕೃಷಿ ಸಂಸ್ಥೆಗಳ ಜಂಟಿ ತಜ್ಞಸಮಿತಿಯು ಜೀವನಪೂರ್ತಿ ದಿನವೂ ಸೇವಿಸಬಹುದಾದ ಪ್ರಮಾಣವನ್ನು ದೇಹತೂಕದ ಪ್ರತಿ ಕಿಲೋಗ್ರಾಮಿಗೆ 0.7 ಮಿಲಿಗ್ರಾಂ ಎಂದು ಗೊತ್ತುಪಡಿಸಿದೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು 2022ರಲ್ಲಿ, ದೊರೆತ ಮಾಹಿತಿ ಸಾಲದೆಂದು ತನ್ನ ತಾತ್ಕಾಲಿಕ ಮಿತಿಯನ್ನು ಹಿಂತೆಗೆದುಕೊಂಡು, ಹೆಚ್ಚಾಗಿ ಸೇವಿಸುವವರ ವಿಷಯದಲ್ಲಿ ಆತಂಕಕ್ಕೆ ಎಡೆಯಿದೆಯೆಂದು ತಿಳಿಸಿತು. ಚರ್ಚೆ ಮುಗಿದಿಲ್ಲವೆಂಬುದೇ ಇದರ ತಾತ್ಪರ್ಯ.

0.7 ಮಿಲಿಗ್ರಾಂ ಎಂಬ ಅಂಕಿಯನ್ನು ಮನೆಯ ಲೆಕ್ಕಕ್ಕೆ ಇಳಿಸಿ ನೋಡಬೇಕು. 50 ಕಿಲೋ ತೂಕದವರಿಗೆ ದಿನಕ್ಕೆ 35 ಮಿಲಿಗ್ರಾಂ. 15 ಕಿಲೋ ತೂಕದ ಮಗುವಿಗೆ 10.5 ಮಿಲಿಗ್ರಾಂ. ಮಿತಿಯೊಳಗೇ ಇರುವ ಬೆಲ್ಲವನ್ನು 50 ಗ್ರಾಂ ತಿಂದರೆ ಹೆಚ್ಚೆಂದರೆ 3.5 ಮಿಲಿಗ್ರಾಂ ಒಳಸೇರುತ್ತದೆ; ಇದು ಹೆದರಬೇಕಾದ ಪ್ರಮಾಣವಲ್ಲ. 350 ಮಿಲಿಗ್ರಾಮಿನ ಮಟ್ಟದ ಸ್ಕ್ವಾಷ್ 30 ಗ್ರಾಮಿನಷ್ಟನ್ನು ನೀರಿಗೆ ಬೆರೆಸಿ ಕೊಟ್ಟರೆ ಮಗುವಿನ ದಿನದ ಪಾಲು ಅಲ್ಲಿಗೇ ಮುಗಿಯಿತು. ಒಂದು ದಿನ ಮಿತಿ ಮೀರಿದರೆ ಅನಾಹುತವೇನೂ ಆಗದು, ಏಕೆಂದರೆ ಇದು ವಿಷದ ಗೆರೆಯಲ್ಲ, ನಿತ್ಯದ ಸರಾಸರಿ. ಆದರೆ ಬೇಸಿಗೆಯುದ್ದಕ್ಕೂ ದಿನಕ್ಕೆ ಮೂರು ಲೋಟ ಕುಡಿಯುವ ಮಗುವಿನ ತಾಯಿಗೆ ಈ ಲೆಕ್ಕ ಗೊತ್ತಿರಬೇಕಾದುದು ಅವಳ ಹಕ್ಕು. ಸಲ್ಫೈಟ್ ಬಿ1 ಜೀವಸತ್ವವನ್ನು ನಾಶಪಡಿಸುತ್ತದೆ. ಆ ಕಾರಣದಿಂದಲೇ ಅಮೆರಿಕದಲ್ಲಿ ಮಾಂಸಕ್ಕೂ ಬಿ1 ಹೇರಳವಾಗಿರುವ ಆಹಾರಗಳಿಗೂ ಅದನ್ನು ಸೇರಿಸಲು ಒಪ್ಪಿಗೆಯಿಲ್ಲ.

ನಿಜವಾದ ಅಪಾಯ ಬಹುಸಂಖ್ಯಾತರದಲ್ಲ, ಅಲ್ಪಸಂಖ್ಯಾತರದು. ಉಬ್ಬಸ ಇರುವವರಲ್ಲಿ ಕೆಲವರಿಗೆ ಸಲ್ಫೈಟ್ ಸೇರಿದ ಆಹಾರವನ್ನು ಉಂಡ ಕೆಲವೇ ನಿಮಿಷಗಳಲ್ಲಿ ಎದೆ ಬಿಗಿದು ಉಸಿರು ಕಟ್ಟುತ್ತದೆ. ಮೈಮೇಲೆ ದದ್ದು ಏಳುವುದು, ಮುಖ ಕೆಂಪೇರುವುದು, ವಿರಳವಾಗಿ ರಕ್ತದೊತ್ತಡ ಕುಸಿಯುವುದೂ ಉಂಟು. ಉಬ್ಬಸ ಇರುವವರಲ್ಲಿ ನೂರಕ್ಕೆ ಸುಮಾರು 5 ಮಂದಿ ಹೀಗೆ ಸೂಕ್ಷ್ಮರಾಗಿರಬಹುದೆಂಬುದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಬಳಸಿದ ಅಂದಾಜು. ಅಲ್ಲಿ 1980ರ ದಶಕದ ಆರಂಭದಲ್ಲಿ ಹೋಟೆಲುಗಳು ಹಸಿ ತರಕಾರಿ ಬಾಡದಿರಲೆಂದು ಸಲ್ಫೈಟ್ ನೀರು ಸಿಂಪಡಿಸುತ್ತಿದ್ದವು. ಅದನ್ನು ತಿಂದು ತೀವ್ರವಾಗಿ ಅಸ್ವಸ್ಥರಾದ, ಪ್ರಾಣ ಕಳೆದುಕೊಂಡ ಪ್ರಕರಣಗಳು ವರದಿಯಾದ ಮೇಲೆ 1986ರಲ್ಲಿ ಹಸಿಯಾಗಿ ತಿನ್ನುವ ಹಣ್ಣು-ತರಕಾರಿಗಳ ಮೇಲೆ ಅದನ್ನು ನಿಷೇಧಿಸಲಾಯಿತು. ಆ ಹೋಟೆಲುಗಳ ತಟ್ಟೆಯಲ್ಲಿದ್ದ ತರಕಾರಿಗೆ ಚೀಟಿ ಇರಲಿಲ್ಲವೆಂಬುದನ್ನು ಮರೆಯಬಾರದು. ವಸ್ತುವಿನ ಗುಣದಷ್ಟೇ ಅದರ ಅನಾಮಿಕತೆಯೂ ಆ ಜನರ ಹಾನಿಗೆ ಕಾರಣವಾಗಿತ್ತು. ಈ ಸೂಕ್ಷ್ಮತೆಗೆ ಗುಣಪಡಿಸುವ ಮದ್ದಿಲ್ಲ, ದೂರವಿಡುವುದೊಂದೇ ದಾರಿ. ದೂರವಿಡಬೇಕಾದರೆ ಗುರುತಿಸಬೇಕು, ಗುರುತಿಸಬೇಕಾದರೆ ಓದಬೇಕು.

ಔಷಧದಲ್ಲಿಯೂ ಸಲ್ಫೈಟ್ ಇದೆ. ಅಡ್ರಿನಲಿನ್ ಚುಚ್ಚುಮದ್ದು ಗಾಳಿಗೆ ಬೇಗ ಕೆಡುವಂಥದು. ಅದನ್ನು ಕಾಯಲು ಸೋಡಿಯಂ ಮೆಟಾಬೈಸಲ್ಫೈಟನ್ನು ಸೇರಿಸುತ್ತಾರೆ. ಹಲ್ಲು ಕೀಳುವಾಗ ಕೊಡುವ ಅರಿವಳಿಕೆಯಲ್ಲಿ ಅಡ್ರಿನಲಿನ್ ಇದ್ದರೆ ಅಲ್ಲಿಯೂ ಇದು ಸಾಮಾನ್ಯವಾಗಿ ಜೊತೆಗಿರುತ್ತದೆ. 1980ರ ದಶಕದಲ್ಲಿ ಉಬ್ಬಸಕ್ಕೆಂದು ಹಬೆಯಾಗಿ ಎಳೆದುಕೊಳ್ಳುವ ಕೆಲವು ದ್ರಾವಣಗಳಲ್ಲಿಯೇ ಸಲ್ಫೈಟ್ ಇದ್ದು, ಉಸಿರು ಬಿಡಿಸಬೇಕಾದ ಮದ್ದು ಕೆಲವರ ಉಸಿರನ್ನೇ ಕಟ್ಟಿದ ವಿಪರ್ಯಾಸವೂ ದಾಖಲಾಗಿದೆ. ಆದರೆ ಇಲ್ಲಿ ಬಹಳ ಎಚ್ಚರದಿಂದ ನುಡಿಯಬೇಕಾದ ಒಂದು ಮಾತಿದೆ. ತೀವ್ರ ಒಗ್ಗದಿಕೆಯಿಂದ ಪ್ರಾಣ ಹೋಗುವ ಸ್ಥಿತಿಯಲ್ಲಿ ಅಡ್ರಿನಲಿನ್ ಚುಚ್ಚುಮದ್ದೇ ಜೀವ ಉಳಿಸುವ ಮೊದಲ ಔಷಧ. ಅದರಲ್ಲಿ ಸಲ್ಫೈಟ್ ಇದೆಯೆಂಬ ಕಾರಣಕ್ಕೆ, ರೋಗಿ ಸಲ್ಫೈಟಿಗೆ ಸೂಕ್ಷ್ಮನಾಗಿದ್ದರೂ, ಅದನ್ನು ತಡೆಹಿಡಿಯಬಾರದೆಂದು ಆ ಮದ್ದಿನ ಸೂಚನಾಪತ್ರಗಳೇ ಸ್ಪಷ್ಟವಾಗಿ ಹೇಳುತ್ತವೆ. ಅರ್ಧ ತಿಳಿದವನು ಇಲ್ಲಿ ಏನೂ ತಿಳಿಯದವನಿಗಿಂತ ಹೆಚ್ಚು ಅಪಾಯಕಾರಿ. ಕಾಡಿನ ದಾರಿಯಲ್ಲಿ ಘಟ್ಟ ಇಳಿದೇ ದೊಡ್ಡಾಸ್ಪತ್ರೆ ಸೇರಬೇಕಾದ ಊರುಗಳಲ್ಲಿ ಇಂತಹ ಅರ್ಧಜ್ಞಾನದ ಬೆಲೆ ಇನ್ನೂ ಹೆಚ್ಚು.

ಈ ಅರ್ಧಜ್ಞಾನವು ಹುಟ್ಟುವ ಜಾಗ ಭಾಷಾ ವಿದ್ಯಾರ್ಥಿಗೆ ತೀರ ಪರಿಚಿತವಾದುದು. ಸಲ್ಫೈಟ್ ಮತ್ತು ಸಲ್ಫೇಟ್ ಎಂಬೆರಡು ಪದಗಳ ನಡುವಿನ ಅಂತರ ಕನ್ನಡ ಲಿಪಿಯಲ್ಲಿ ಒಂದು ಸ್ವರಚಿಹ್ನೆಯದು: ಒಂದರಲ್ಲಿ ‘ಫೈ’, ಇನ್ನೊಂದರಲ್ಲಿ ‘ಫೇ’. ಔಷಧಲೋಕದಲ್ಲಿ ಈ ಅಂತರ ಅಗಾಧ. ಉಬ್ಬಸದವರು ಎಳೆದುಕೊಳ್ಳುವ ಮದ್ದಿನ ಮೇಲೆ ಸಾಲ್ಬುಟಮಾಲ್ ಸಲ್ಫೇಟ್ ಎಂದಿರಬಹುದು. ರಕ್ತಹೀನತೆಯ ಕಬ್ಬಿಣದ ಮಾತ್ರೆಯಲ್ಲಿ ಫೆರಸ್ ಸಲ್ಫೇಟ್, ಮಕ್ಕಳ ಭೇದಿಗೆ ಕೊಡುವ ಮಾತ್ರೆಯಲ್ಲಿ ಜಿಂಕ್ ಸಲ್ಫೇಟ್ ಇರುತ್ತವೆ. ಇವು ಯಾವುವೂ ಸಲ್ಫೈಟ್ ಅಲ್ಲ. ‘ನಿಮಗೆ ಸಲ್ಫೈಟ್ ಆಗದು’ ಎಂದು ವೈದ್ಯರು ಹೇಳಿದ್ದನ್ನು ‘ಸಲ್ಫೇಟ್’ ಎಂದು ಕೇಳಿಸಿಕೊಂಡು ಮನೆಗೆ ಬಂದವರು ತಮ್ಮ ಉಸಿರಿನ ಮದ್ದನ್ನೇ ತಿಪ್ಪೆಗೆ ಎಸೆಯಬಹುದು. ಮೂರನೆಯದು ಸಲ್ಫಾ ಎಂಬ ಬೇರೆಯೇ ಔಷಧವರ್ಗ. ಸಲ್ಫಾ ಒಗ್ಗದವರಿಗೆ ಸಲ್ಫೈಟೂ ಒಗ್ಗದು ಎಂಬ ನಿಯಮವಿಲ್ಲ. ನಾಲ್ಕನೆಯದು ಗಂಧಕ, ಅಂದರೆ ಸಲ್ಫರ್. ಅದು ಪ್ರತಿಯೊಬ್ಬರ ದೇಹದಲ್ಲಿಯೂ ಇರುವ ಮೂಲಧಾತು. ಆಡುಮಾತಿನಲ್ಲಿ ಈ ನಾಲ್ಕೂ ಸೇರಿ ‘ಸಲ್ಪ’ ಎಂಬ ಒಂದೇ ಅಸ್ಪಷ್ಟ ಶಬ್ದವಾಗಿಬಿಡುತ್ತವೆ. ಅಲ್ಪಪ್ರಾಣ-ಮಹಾಪ್ರಾಣಗಳ ಭೇದವನ್ನು, ಗುಣಿತಾಕ್ಷರಗಳ ಭೇದವನ್ನು ಕಲಿಸುವ ವ್ಯಾಕರಣವು ಇಲ್ಲಿ ಪರೀಕ್ಷೆಯ ಅಂಕಕ್ಕೆ ಸೀಮಿತವಾದುದಲ್ಲ. ಅದು ಒಬ್ಬರ ಉಸಿರಿಗೆ ಸಂಬಂಧಿಸಿದ್ದು.

ಕಾನೂನು ಏನು ಹೇಳುತ್ತದೆ? ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ಚೀಟಿ ನಿಯಮಗಳ ಪ್ರಕಾರ ಕಿಲೋಗ್ರಾಮಿಗೆ 10 ಮಿಲಿಗ್ರಾಂ ಅಥವಾ ಹೆಚ್ಚು ಸಲ್ಫೈಟ್ ಇದ್ದರೆ ಅದನ್ನು ಒಗ್ಗದಿಕೆಯ ವಸ್ತುಗಳ ಸಾಲಿನಲ್ಲಿ ಪ್ರತ್ಯೇಕವಾಗಿ ಘೋಷಿಸಬೇಕು. ಇದು ಸ್ವಾಗತಾರ್ಹವಾದ ನಿಯಮ. ಆದರೆ ಅದೇ ನಿಯಮಗಳು ಈ ಘೋಷಣೆಯು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇರಬೇಕೆನ್ನುತ್ತವೆ. ಬೇರೆ ಭಾಷೆಯನ್ನು ಜೊತೆಗೆ ಸೇರಿಸಲು ಅಡ್ಡಿಯಿಲ್ಲ, ಸೇರಿಸಲೇಬೇಕೆಂಬ ಕಡ್ಡಾಯವೂ ಇಲ್ಲ. ಹೀಗಾಗಿ ಕನ್ನಡ, ತಮಿಳು, ಮರಾಠಿಗಳೆಲ್ಲ ತಯಾರಕರ ಔದಾರ್ಯಕ್ಕೆ ಬಿಟ್ಟ ಭಾಷೆಗಳಾಗಿವೆ. ಪೊಟ್ಟಣದ ಮುಖದ ಮೇಲೆ, ಮಾರಾಟಕ್ಕೆ ಬೇಕಾದ ಕಡೆ, ಸ್ಥಳೀಯ ಭಾಷೆ ದಪ್ಪಕ್ಷರದಲ್ಲಿ ಕಾಣಿಸಿಕೊಳ್ಳುವುದುಂಟು. ಎಚ್ಚರಿಕೆ ಇರುವ ಬೆನ್ನಿನ ಮೇಲೆ ಅದು ಮಾಯವಾಗುತ್ತದೆ. ಕೊಳ್ಳಿರೆಂದು ಕೂಗಲು ಬರುವ ಭಾಷೆಗೆ ಎಚ್ಚರವೆಂದು ಪಿಸುಗುಡಲೂ ಬರಬೇಕಲ್ಲವೇ?

ಈ ಬೇಡಿಕೆಗೆ ಎರಡು ಆಕ್ಷೇಪಗಳು ಎದುರಾಗುತ್ತವೆ. ಸಣ್ಣ ಪೊಟ್ಟಣದ ಮೇಲೆ ಇಪ್ಪತ್ತೆರಡು ಭಾಷೆಗಳಿಗೆ ಜಾಗವೆಲ್ಲಿ ಎಂಬುದು ಮೊದಲನೆಯದು. ಎಲ್ಲ ವಿವರಗಳನ್ನೂ ಎಲ್ಲ ಭಾಷೆಗಳಲ್ಲಿ ಮುದ್ರಿಸಬೇಕೆಂದು ಯಾರೂ ಕೇಳುತ್ತಿಲ್ಲ. ಒಗ್ಗದಿಕೆಯ ಒಂದು ಸಾಲು, ಮಾರಾಟವಾಗುವ ಪ್ರದೇಶದ ಭಾಷೆಗಳಲ್ಲಿ ಇರಲಿ ಎಂಬುದಷ್ಟೇ ನ್ಯಾಯವಾದ ಕೋರಿಕೆ. ತಾಳವಾಡಿಯಂತಹ ಕಡೆ ಆ ಸಾಲು ತಮಿಳಿನಲ್ಲಿಯೂ ಕನ್ನಡದಲ್ಲಿಯೂ ಇರಬೇಕು. ಕನ್ನಡಿಗನ ಉಬ್ಬಸ, ತಮಿಳನ ಉಬ್ಬಸ ಎಂಬ ಭೇದ ರೋಗಕ್ಕಿಲ್ಲ. ಇದು ಒಂದು ಭಾಷೆ ಇನ್ನೊಂದರ ಎದುರು ನಿಲ್ಲುವ ವಿಷಯವಲ್ಲ, ಎರಡೂ ಒಟ್ಟಾಗಿ ಕೇಳಬೇಕಾದ ಹಕ್ಕು. ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದುದು: ‘ಪೊಟ್ಯಾಸಿಯಂ ಮೆಟಾಬೈಸಲ್ಫೈಟ್’ ಎಂದು ಕನ್ನಡ ಲಿಪಿಯಲ್ಲಿ ಬರೆದ ಮಾತ್ರಕ್ಕೆ ಅರ್ಥವಾಗುವುದೇ? ಆಗುವುದಿಲ್ಲ, ಲಿಪ್ಯಂತರ ಅನುವಾದವಲ್ಲ. ಅದರ ಬದಲು ಸಂಸ್ಕೃತದ ಧಾತುಗಳನ್ನು ಕೂಡಿಸಿ ಹೊಸದೊಂದು ಭಾರವಾದ ಪದವನ್ನು ಟಂಕಿಸಿದರೂ ಆಗುವುದಿಲ್ಲ. ವೈದ್ಯರ ಬಾಯಲ್ಲಿ ಒಂದು ಹೆಸರು, ಚೀಟಿಯಲ್ಲಿ ಇನ್ನೊಂದು ಹೆಸರು ಎಂಬಂತಾದರೆ ಗೊಂದಲ ಇಮ್ಮಡಿಸುತ್ತದೆ. ಸಲ್ಫೈಟ್ ಎಂಬ ಪದವನ್ನು ಹಾಗೆಯೇ ಉಳಿಸಿಕೊಂಡು, ಅದರ ಪಕ್ಕದಲ್ಲಿ ತಿಳಿಗನ್ನಡದ ಒಂದು ವಾಕ್ಯವನ್ನು ನಿಲ್ಲಿಸುವುದೇ ಸರಿಯಾದ ಮಾರ್ಗ: ‘ಇದರಲ್ಲಿ ಸಲ್ಫೈಟ್ ಇದೆ; ಉಬ್ಬಸ ಇರುವವರು ವೈದ್ಯರನ್ನು ಕೇಳಿ ಬಳಸಿರಿ.’ ಎಂಟು ಪದಗಳ ಈ ಸೂಚನೆ ಅತಿ ಚಿಕ್ಕ ಪೊಟ್ಟಣದ ಮೇಲೂ ಹಿಡಿಸುತ್ತದೆ.

ಕನ್ನಡಕ್ಕೆ ಇಂತಹ ಕೆಲಸ ಒಗ್ಗದೆಂದು ಹೇಳುವವರು ಕನ್ನಡ ಸಾಹಿತ್ಯ ಚರಿತ್ರೆಯನ್ನು ಅರ್ಧ ಮಾತ್ರ ಓದಿರುತ್ತಾರೆ. ಎರಡನೆಯ ಚಾವುಂಡರಾಯನು 1025ರ ಸುಮಾರಿಗೆ ರಚಿಸಿದ ‘ಲೋಕೋಪಕಾರ’ವು ಅಡುಗೆ, ನೀರು, ವೈದ್ಯ, ಕೃಷಿಗಳ ವ್ಯಾವಹಾರಿಕ ಜ್ಞಾನವನ್ನು ಕನ್ನಡಕ್ಕೆ ತಂದ ಗ್ರಂಥ. ಹದಿನಾಲ್ಕನೆಯ ಶತಮಾನದ ಮಂಗರಾಜನ ‘ಖಗೇಂದ್ರಮಣಿದರ್ಪಣ’ದ ವಸ್ತುವೇ ವಿಷ ಮತ್ತು ವಿಷಚಿಕಿತ್ಸೆ. ಹದಿನಾರನೆಯ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸನು ಪಾಕಶಾಸ್ತ್ರವನ್ನೇ ‘ಸೂಪಶಾಸ್ತ್ರ’ವೆಂಬ ಕಾವ್ಯರೂಪದಲ್ಲಿ ಬರೆದನು. ಇಪ್ಪತ್ತನೆಯ ಶತಮಾನಕ್ಕೆ ಬಂದರೆ ಬೆಳ್ಳಾವೆ ವೆಂಕಟನಾರಣಪ್ಪನವರೂ ಅವರ ಸಂಗಡಿಗರೂ 1918ರಲ್ಲಿಯೇ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನು ಬರೆದರು. ಶಾಸ್ತ್ರಸಾಹಿತ್ಯವೆಂದು ಪಠ್ಯಕ್ರಮದ ಒಂದು ಘಟಕದಲ್ಲಿ ಹೆಸರುಗಳನ್ನು ಕಂಠಪಾಠ ಮಾಡಿ ಮುಂದೆ ಸಾಗುವ ಈ ಪರಂಪರೆಯು ವಾಸ್ತವದಲ್ಲಿ ಜೀವಂತವಾಗಿ ಮುಂದುವರಿಯಬೇಕಾದ ಕಸುಬು. ವಿಷದ ಬಗೆಗೆ ಆರುನೂರು ವರ್ಷಗಳ ಹಿಂದೆಯೇ ಗ್ರಂಥ ಬರೆಯಬಲ್ಲ ಭಾಷೆಗೆ ಒಂದು ಪೊಟ್ಟಣದ ಬೆನ್ನಿನ ಮೇಲೆ ಒಂದು ಸಾಲು ಬರೆಯುವುದು ಅಸಾಧ್ಯವೆಂದರೆ ನಂಬುವುದು ಕಷ್ಟ.

ಕನ್ನಡ ವಿಭಾಗಗಳು ಇಲ್ಲಿ ಮಾಡಬಹುದಾದ ಕೆಲಸ ಸ್ಪಷ್ಟವಿದೆ. ಚೀಟಿಯೂ ಒಂದು ಪಠ್ಯವೇ. ಅದಕ್ಕೂ ಪದ, ವಾಕ್ಯ, ಉದ್ದೇಶ, ಓದುಗ ಎಂಬುವುಗಳಿವೆ. ಅನುವಾದದ ತರಗತಿಯಲ್ಲಿ ಒಂದು ಒಣದ್ರಾಕ್ಷಿ ಪೊಟ್ಟಣದ, ಒಂದು ಸ್ಕ್ವಾಷ್ ಶೀಷೆಯ, ಒಂದು ಚುಚ್ಚುಮದ್ದಿನ ಸೂಚನಾಪತ್ರದ ಬರೆಹವನ್ನು ವಿದ್ಯಾರ್ಥಿಗಳು ಕನ್ನಡಿಸಿ, ರಸಾಯನಶಾಸ್ತ್ರ ವಿಭಾಗದವರಿಂದ ತಿದ್ದಿಸಿ, ಉಬ್ಬಸ ಇರುವ ಒಬ್ಬ ಹಿರಿಯರಿಗೆ ಓದಿ ಹೇಳಿ, ಅವರಿಗೆ ಏನು ಅರ್ಥವಾಯಿತೆಂದು ಕೇಳಿ ಬರೆದುಕೊಳ್ಳಲಿ. ಅರ್ಥವಾಗದ ಪದವನ್ನು ಮತ್ತೆ ತಿದ್ದಲಿ. ತಾಳವಾಡಿಯಂತಹ ಊರಿನ ಕನ್ನಡ ಶಾಲೆಗಳ ಗೋಡೆಗೆ 220ರಿಂದ 228ರವರೆಗಿನ ಅಂಕಿಗಳ ಒಂದು ಚಿಕ್ಕ ಪಟ್ಟಿ ಅಂಟಿದರೆ, ಪೊಟ್ಟಣದ ಇಂಗ್ಲಿಷ್ ಬದಲಾಗುವ ಮೊದಲೇ ಮಕ್ಕಳು ಮನೆಯವರಿಗೆ ಓದಿ ಹೇಳಬಲ್ಲರು. ಸಲ್ಫೈಟ್ ಬೇರೆ, ಸಲ್ಫೇಟ್ ಬೇರೆ ಎಂಬ ಒಂದೇ ವಾಕ್ಯವನ್ನು ಆ ಪಟ್ಟಿಯ ಕೆಳಗೆ ದಪ್ಪಕ್ಷರದಲ್ಲಿ ಬರೆದರೂ ಸಾಕು.

ಅತಿಯಾದರೆ ಅಮೃತವೂ ವಿಷವೆಂದು ಹಿರಿಯರು ಹೇಳಿದರು. ಅತಿ ಯಾವುದೆಂದು ತಿಳಿಯಲು ಅಳತೆ ಬೇಕು, ಅಳತೆಯನ್ನು ತಿಳಿಸಲು ಮಾತು ಬೇಕು. ಸಲ್ಫೈಟನ್ನು ಶಪಿಸುವುದರಿಂದಾಗಲಿ ಕಣ್ಣುಮುಚ್ಚಿ ಒಪ್ಪುವುದರಿಂದಾಗಲಿ ಉಬ್ಬಸದ ಒಬ್ಬ ಮುದುಕಿಗೂ ಪ್ರಯೋಜನವಿಲ್ಲ. ಗಡಿಯಾಚೆ ಉಳಿದ ಕನ್ನಡಿಗರ ಬಗೆಗೆ ವರ್ಷಕ್ಕೊಮ್ಮೆ ನವೆಂಬರಿನಲ್ಲಿ ಭಾಷಣಗಳು ನಡೆಯುತ್ತವೆ. ಅವರ ಕೈಯಲ್ಲಿರುವ ಪೊಟ್ಟಣವನ್ನು ಅವರ ನುಡಿಯಲ್ಲಿ ಓದಿ ಹೇಳುವ ಕೆಲಸವು ಡಿಸೆಂಬರಿನಲ್ಲಿಯೂ ಜನವರಿಯಲ್ಲಿಯೂ ಬಾಕಿ ಇರುತ್ತದೆ.